ಎಣಿಕೆಯಲ್ಲಿ ಬಿಟ್ಟ ಮನೆ

"ಕುಂಡ್ರಿ! ಕುಂಡ್ರಿ ಅಂದ್ರ ತಿಳಿಯಂಗಿಲ್ಲೇನ್ರಿ ನಿಮಗ?"

ಹರಿಗೋಲು ನಡೆಸುತ್ತಿದ್ದ ಹೊಳೆವ್ವನ ಕೂಗಿಗೆ ಮೈಲಾರಲಿಂಗಪ್ಪ ಬೆಚ್ಚಿಬಿದ್ದ. ತುಂಬಿದ ವರದೆಯ ನಡುವೆ, ಹರಿಗೋಲಿನಲ್ಲಿ ಎದ್ದು ನಿಂತು, ದಿಕ್ಸೂಚಿ ಹಿಡಿದು ದಡ ನೋಡುತ್ತಿದ್ದ! ಹರಿಗೋಲು ವಾಲಿ ನೀರು ಒಳಗೆ ನುಗ್ಗಿತ್ತು.

"ತಪ್ಪಾತ್ರಿ..." ಎಂದು ಕುಕ್ಕರಿಸಿದ.

"ಹೊಳಿ ಎಷ್ಟು ಆಳ ಐತಿ ಅಂತ ನೋಡಾಕ ಹ್ವಾದ್ರು ಅಂತ ನಿಮ್ಮ ಮನ್ಯಾಗ ಹೇಳ್ಲೇನು?"

ಎರಡು ವರ್ಷದ ಹಿಂದೆ ಇದೇ ನೀರು ಅವಳ ಗಂಡನನ್ನು ಕೊಂಡೊಯ್ದಿತ್ತು. ಅಂದಿನಿಂದ ಹುಟ್ಟು ಹಾಕುವ ಕೆಲಸ ಅವಳದು.

ಅದು ೧೯೫೮ರ ಶ್ರಾವಣ. ತಿಳವಳ್ಳಿಯ ಮೈಲಾರಲಿಂಗಪ್ಪ ಧಾರವಾಡದಲ್ಲಿ ಭೂಗೋಳ ಓದುತ್ತಿದ್ದ. ಸವಣೂರಿನ ಆಚೆ, ಹೊಳೆ ನಡುವಿನ ಬೇವಿನಗಡ್ಡಿಯಲ್ಲಿ, ಸುತ್ತ ನೀರು ಏರಿದಾಗ ಜನ ಹೇಗೆ ಬಾಳುತ್ತಾರೆಂದು ಬರೆದುಕೊಳ್ಳಲು ಬಂದಿದ್ದ.

ಮನೆ ಮನೆಗೆ ಹೋಗಿ ಕೂತು ಕೇಳುತ್ತಿದ್ದ. ಉಪ್ಪು ಮುಗಿದರೆ ಏನು ಮಾಡುತ್ತೀರಿ? ಹೆರಿಗೆ ನೋವು ಬಂದರೆ ಹೊಳೆ ಹೇಗೆ ದಾಟುತ್ತೀರಿ? ಹೊಳೆವ್ವನ ಅತ್ತೆ ಕರೆವ್ವನ ಕಟ್ಟೆಯ ಮೇಲೆ ಮಾತ್ರ ರೊಟ್ಟಿ ತಿಂದು, ಹರಟಿ, ಪುಸ್ತಕ ತೆರೆಯದೆ ಎದ್ದು ಹೋಗುತ್ತಿದ್ದ.

ತಿಂಗಳು ಕಳೆಯಿತು. ಹನುಮಪ್ಪನ ಗುಡಿಯ ಮುಂದೆ ಅವನು ಪಟ್ಟಿ ಓದಿದ. ಮೂವತ್ತು ಮನೆ.

"ಮೂವತ್ತೊಂದು ಅದಾವಲ್ಲೋ ತಮ್ಮಾ?" ಎಂದ ಹಿರಿಯ ಹುಚ್ಚಪ್ಪ.

"ಒಂದು ಉಳದೈತ್ರಿ. ನಾಳಿ ನಮ್ಮ ಕಾಲೇಜಿನ ಗುರುಗಳು ಬಂದು ನೋಡ್ತಾರ..."

"ಹೊಳೆವ್ವಂದು ಬಿಟ್ಟಾನ," ಎಂದಳು ನೆರೆಮನೆಯ ಯಂಕವ್ವ. "ಗಂಡಸಿಲ್ಲದ ಮನಿ, ಯಾರು ಎಣಿಸ್ತಾರ?"

ಹೊಳೆವ್ವನ ಎದೆಗೆ ಚುಚ್ಚಿದಂತಾಯಿತು. 'ನಾನು ಬದುಕಿಲ್ಲವೇ? ನನ್ನ ಒಲೆ ಉರಿಯುತ್ತಿಲ್ಲವೇ? ಇವನೂ ಎಲ್ಲರಂತೆಯೇ...'

ಮರುದಿನ ಗುರುಗಳನ್ನು ಕರೆತರಲು ಅವನು ಹರಿಗೋಲು ಹತ್ತಿದ. ನಡುಹೊಳೆಯಲ್ಲಿ ಅವಳು ಹುಟ್ಟು ನಿಲ್ಲಿಸಿದಳು.

"ನಮ್ಮದು ಮನಿ ಅಲ್ಲೇನ್ರಿ?"

ಅವನ ಮುಖ ಬಾಡಿತು. "ತಮ್ಮವರ ಮನಿ ತಾವು ಬರೀಬಾರದು ಅಂತ ಗುರುಗಳ ಕಟ್ಟಪ್ಪಣಿ ಐತ್ರಿ. ಅದಕ್ಕ ನಿಮ್ಮದು ಅವರಿಗೆ ಬಿಟ್ಟೇನಿ."

"ನಾವೇನು ನಿಮ್ಮವರಾ?"

"ಅಲ್ಲ... ಆಗ್ಬೇಕಂತ ಮನಸೈತಿ. ಅದಕ್ಕ ನಿಮ್ಮ ಕಟ್ಟಿ ಮ್ಯಾಲ ಪುಸ್ತಕ ತಗೀಲಿಲ್ಲ."

ಅವಳ ಕಣ್ಣು ತುಂಬಿತು. ಸಿಟ್ಟೋ, ಸಂಕಟವೋ...

"ಕೇಳದನ ನಿಮ್ಮವಳ ಮಾಡ್ಕೊಂಡ್ರಿ! ಊರ ಮುಂದ ನಾನು ಇಲ್ಲದಾಕಿ ಆದೆ."

"ತಪ್ಪು ನಂದು. ಊರ ಮುಂದನ ಒಪ್ಕೋತೇನಿ."

"ಅತ್ತೀನ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ," ಎಂದಳು ತಟ್ಟನೆ. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ತಿಳಿದು ಮುಖ ತಿರುಗಿಸಿದಳು.

ಹೊಳೆ ದಾಟಿ ಬಂದ ಗುರುಗಳು ಕರೆವ್ವನ ಕಟ್ಟೆಯ ಮೇಲೆ ಕೂತು ಕೇಳಿದರು. "ಮನೀಗೆ ಹಿರ್ಯಾರು ಯಾರವ್ವಾ?"

"ನನ್ನ ಸೊಸಿ ಹೊಳೆವ್ವ," ಎಂದಳು ಕರೆವ್ವ. "ದುಡಿಯಾಕೀನೂ ಆಕಿನ. ಬರಕೊಳ್ರಿ."

"ಮತ್ತ ಈ ಹುಡುಗ ಯಾಕ ಬರೀಲಿಲ್ಲ?" ಯಂಕವ್ವ ಬೇಲಿಯಾಚೆಯಿಂದ ಕೇಳಿದಳು.

ಮೈಲಾರಲಿಂಗಪ್ಪ ಹೊಳೆವ್ವನ ಮುಖ ನೋಡಿದ. ಹೇಳಿರಿ ಎಂಬಂತೆ ಅವಳು ಮೆಲ್ಲಗೆ ತಲೆಯಾಡಿಸಿದಳು.

ಅವನು ಕರೆವ್ವನಿಗೆ ಕೈ ಮುಗಿದ. "ನಿಮ್ಮ ಮನಿ ಸಣ್ಣದಂತ ಬಿಡಲಿಲ್ಲ ಯವ್ವಾ. ನನಗ ಬೇಕಾದ ಮನಿ ಅಂತ ಬಿಟ್ಟೆ. ನೀವು ಒಪ್ಪಿದ್ರ ಉಡಕಿ ಮಾಡ್ಕೋತೇನಿ."

ವಿಧವೆಗೆ ಮತ್ತೆ ಮದುವೆ! ಯಂಕವ್ವ ಬೇಲಿಗೆ ಮತ್ತಷ್ಟು ಒತ್ತಿ ನಿಂತಳು.

ಕರೆವ್ವ ಕಂಬ ಹಿಡಿದು ಎದ್ದು ನಿಂತಳು. "ನನ್ನ ಮಗ ಉಳಿವೆಪ್ಪ ಹ್ವಾದ. ಈಕೀನೂ ಹ್ವಾದ್ರ ನನಗ್ಯಾರದಾರ ತಮ್ಮಾ?"

"ನೀವು ತಿಳವಳ್ಳಿಗೆ ಬರೂದಾದ್ರ ಮೂವರೂ ಅಲ್ಲಿ. ಇಲ್ಲಂದ್ರ ನಾನ ಇಲ್ಲಿ ಇರ್ತೇನಿ."

"ಹುಟ್ಟು ಹಾಕಾಕ ಬರ್ತೈತೇನು?"

"ಇಲ್ಲ."

"ಹಂಗಾರ ಕಲಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಮುದುಕಿ ಒಳಗೆ ಹೋದಳು.

ಅವನು ಹೊಳೆವ್ವನತ್ತ ತಿರುಗಿದ. "ನೀವು ಇನ್ನೂ ಏನೂ ಹೇಳಿಲ್ಲ... ಅವಸರಿಲ್ಲ. ಹೊಳಿ ಇಳಿಯೂತನಕ ವಿಚಾರ ಮಾಡ್ರಿ."

"ಅಷ್ಟು ದಿನ ಬ್ಯಾಡ್ರಿ," ಎಂದಳು ಹೊಳೆವ್ವ, ನೆಲ ನೋಡುತ್ತಲೇ.