ಅಡುಗೆಮನೆಯ ಕರೆಗಂಟೆ

ಗುರುವಾರ ಸಂಜೆ ಆರೂವರೆಗೆ ಸಂಗೀತ ನಿರ್ದೇಶಕರು ಠಾಣೆಗೆ ಓಡಿಬಂದಾಗ ಅವರ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು.

"ಕವಿಗಳು ಹೋಗ್ಬಿಟ್ರು ಸರ್. ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು."

ಯಾವ ಕವಿಗಳು ಎಂದು ಯಾರೂ ಕೇಳಲಿಲ್ಲ. ಮೂವತ್ತು ವರ್ಷಗಳಿಂದ ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಮದುವೆ ಮನೆಯಲ್ಲಿ ಜನ ಗುನುಗುತ್ತಿದ್ದುದು ಆತ ಸಿನಿಮಾಗಳಿಗೆ ಬರೆದ ಹಾಡುಗಳನ್ನೇ. ಹೆಡ್ ಕಾನ್‌ಸ್ಟೆಬಲ್‌ಗೆ ಅವೆಲ್ಲ ಬಾಯಿಪಾಠ. ಹೊತ್ತುಗೊತ್ತಿಲ್ಲದೆ ಹಾಡುತ್ತಿದ್ದುದರಿಂದ ಠಾಣೆಯಲ್ಲಿ ಅವನಿಗೆ ರೇಡಿಯೊ ಎಂದೇ ಹೆಸರು. ಇನ್ಸ್‌ಪೆಕ್ಟರ್ ದೂರು ಬರೆಸಿಕೊಂಡು, ಅಸಹಜ ಸಾವಿನ ಪ್ರಕರಣ ದಾಖಲಿಸಿ, ರೇಡಿಯೊನನ್ನು ಜೀಪು ಹತ್ತಿಸಿದರು.

ಕವಿಗಳ ಮನೆಯಲ್ಲಿ ಕೆಳಗೆ ಅಡುಗೆಮನೆ, ಮೇಲೆ ಬರೆಯುವ ಕೋಣೆ. ಕೋಣೆಯ ಗೋಡೆಗಳಿಗೆಲ್ಲ ಸದ್ದು ಹೀರುವ ದಪ್ಪ ಹಲಗೆ ಹೊಡೆಸಿದ್ದರು. ಒಳಗೆ ಕೂಗಿದರೆ ಹೊರಗೆ ನಿಂತವರಿಗೂ ಕೇಳುವಂತಿರಲಿಲ್ಲ. ದೇಹ ಬಾಗಿಲ ಬುಡದಲ್ಲಿ ಬಿದ್ದಿತ್ತು. ಪಕ್ಕದ ಗೋಡೆಯ ಮೇಲೆ ಕರೆಗಂಟೆಯ ಗುಂಡಿ.

"ಚಿಲಕ ಹಾಕಿದ್ದು ಯಾರು?"

"ನಾನೇ," ಎಂದರು ಕವಿಗಳ ಅಕ್ಕ. ಅರವತ್ತರ ಹತ್ತಿರದ ಹೆಂಗಸು. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವರು, ಈಗಲೂ ಆತನ ಮನೆ ನೋಡಿಕೊಂಡಿದ್ದವರು ಅವರೇ.

ಸಂಗೀತ ನಿರ್ದೇಶಕರು ವಿವರಿಸಿದರು. "ಅದು ಕವಿಗಳದ್ದೇ ಪದ್ಧತಿ ಸರ್. ಕೂಡಿಹಾಕದಿದ್ರೆ ಇಸ್ಪೀಟಾಟಕ್ಕೆ ಓಡ್ತಿದ್ರು. ಹಾಡು ಮುಗಿದ ಮೇಲೆ ಗುಂಡಿ ಒತ್ತಬೇಕು. ಅಡುಗೆಮನೇಲಿ ಗಂಟೆ ಆಗುತ್ತೆ, ಅಕ್ಕ ಹೋಗಿ ಬಾಗಿಲು ತೆಗೀತಾರೆ. ಕವಿಗಳು ಜೈಲಲ್ಲಿದ್ದಾರೆ ಅಂದ್ರೆ ಹಾಡು ಬಂತು ಅಂತಾನೇ ಲೆಕ್ಕ."

"ಇವತ್ತು ಯಾವ ಹಾಡು?"

"'ಬಾಗಿಲೇ ಹೇಳು' ಹಾಡಿನ ಮುಂದುವರಿಕೆ. ಅದ್ರಲ್ಲಿ ಮದುವೆ ಗಂಡಿಗೆ ಕಾದು ಕೂತ ಹುಡುಗಿ ಮುದುಕಿ ಆದ್ಮೇಲೆ ಏನಾಯ್ತು ಅಂತ. ಬೆಳಿಗ್ಗೆ ನಾನೇ ಬಂದು ಟ್ಯೂನ್ ಕೊಟ್ಟು ಹೋದೆ."

ಇನ್ಸ್‌ಪೆಕ್ಟರ್ ಅಕ್ಕನ ಕಡೆ ತಿರುಗಿದರು. "ಗಂಟೆ ಆಗ್ಲಿಲ್ವಾಮ್ಮಾ?"

"ಇಲ್ಲ. ಸೆಲ್ ಮುಗಿದುಹೋಗಿತ್ತು."

"ಯಾವಾಗ ಗೊತ್ತಾಯ್ತು?"

"ಇವರು ಬಂದು ಬಾಗಿಲು ತೆಗೆಸಿದ ಮೇಲೆ."

"ಹಳೇ ಸೆಲ್ ಎಲ್ಲಿ?"

"ಎಸೆದೆ."

ಅಡುಗೆಮನೆಯ ಗೋಡೆಯಲ್ಲಿ ಕರೆಗಂಟೆಯ ಡಬ್ಬಿ ಖಾಲಿ ಹೊಟ್ಟೆ ತೆರೆದುಕೊಂಡು ನೇತಾಡುತ್ತಿತ್ತು. ಎದುರಿಗೆ ಒಂದು ಹಳೆಯ ಮರದ ಕುರ್ಚಿ. ಅಳತೆಪಟ್ಟಿ ಹಿಡಿದು ಅಡುಗೆಮನೆ ಅಳೆಯುತ್ತ, ರೇಡಿಯೊ ಅಭ್ಯಾಸಬಲದಿಂದ ಗುನುಗಿದ:

"ಮಡಿಕೆ ಮುರಿಯದ ಹೊಸ ಬಟ್ಟೆ, ಜೋಮು ಹಿಡಿದ ಕಾಲು,
ಬಾಗಿಲೇ ಹೇಳು, ಬರುವನೇ ಅವನು..."

ಅಕ್ಕ ಕೈಯಲ್ಲಿದ್ದ ಪಾತ್ರೆಯನ್ನು ಕಟ್ಟೆಗೆ ಕುಕ್ಕಿದರು. "ಈ ಮನೇಲಿ ಆ ಹಾಡು ಬೇಡ."

ರೇಡಿಯೊ ನಾಲಿಗೆ ಕಚ್ಚಿಕೊಂಡ. ಸಾವಿನ ಮನೆಯಲ್ಲಿ ಹಾಡಿದ್ದಕ್ಕೆ ಬೈದರೆಂದು ಅವನು ತಿಳಿದ. ಇನ್ಸ್‌ಪೆಕ್ಟರ್ ಹಾಗೆ ತಿಳಿಯಲಿಲ್ಲ. ಇಷ್ಟು ಹೊತ್ತು ತಮ್ಮನಿಗಾಗಿ ಕಣ್ಣು ಒದ್ದೆಯಾಗದ ಹೆಂಗಸಿಗೆ ಹಾಡು ಕೇಳಿದ್ದೇ ಪಾತ್ರೆ ಕುಕ್ಕುವಷ್ಟು ಸಿಟ್ಟು ಬಂದಿತ್ತು.

ಪಂಚರ ಎದುರು ಪಂಚನಾಮೆ ನಡೆಯಿತು. ಮೇಜು, ಖಾಲಿ ಹಾಳೆಗಳು, ಪೆನ್ನು, ನೀರಿನ ಹೂಜಿ, ಲೋಟ.

ಶುಕ್ರವಾರ ಮರಣೋತ್ತರ ಪರೀಕ್ಷೆಯ ವರದಿ ಬಂತು. ಹೃದಯಾಘಾತ, ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ. ಬಲಗೈ ಹೆಬ್ಬೆರಳಿನ ಚರ್ಮ ಒಡೆದಿತ್ತು. ಮೇಲಿನ ಕೋಣೆಯ ಕರೆಗಂಟೆಯ ಗುಂಡಿಯೂ ಬಿರುಕು ಬಿಟ್ಟಿತ್ತು. ಕವಿಗಳನ್ನು ನೋಡುತ್ತಿದ್ದ ಡಾಕ್ಟರು ಪಂಚನಾಮೆಯ ಪ್ರತಿ ಓದಿ ಹುಬ್ಬು ಗಂಟಿಕ್ಕಿದರು.

"ಹೂಜಿ ಇದೆ, ಮಾತ್ರೆ ಡಬ್ಬಿ ಎಲ್ಲಿ? ಎದೆ ಹಿಡಿದ ತಕ್ಷಣ ನಾಲಿಗೆ ಕೆಳಗೆ ಇಟ್ಕೋಬೇಕು. ಡಬ್ಬಿ ಆ ಮೇಜು ಬಿಟ್ಟು ಅಲ್ಲಾಡಬಾರದು ಅಂತ ಅವರ ಅಕ್ಕನಿಗೆ ನಾನೇ ಹೇಳಿದ್ದೆ."

ಪಕ್ಕದ ಮನೆಯ ದರ್ಜಿಯ ಕಿಟಕಿ ಅಡುಗೆಮನೆಯ ಕಿಟಕಿಗೆ ಎದುರು.

"ನಿನ್ನೆ ಮಧ್ಯಾಹ್ನ ಏನಾದ್ರೂ ಕೇಳಿಸ್ತಾ?"

"ಗಂಟೆ ಸರ್."

"ಯಾವ ಗಂಟೆ?"

"ಕವಿಗಳದ್ದು. ಅದು ಟಿಂಗ್ ಟಿಂಗ್ ಅನ್ನಲ್ಲ ಸರ್, ಟ್ಯೂನ್ ನುಡಿಸುತ್ತೆ. ಅದೇ, 'ಬಾಗಿಲೇ ಹೇಳು'. ನಿನ್ನೆ ಬಂತು, ಮತ್ತೆ ಬಂತು, ಬರ್ತಾನೇ ಇತ್ತು. ಇವತ್ತು ಒಂದು ಇಡೀ ಸಿನಿಮಾಗೆ ಬರೆದು ಬಿಸಾಕಿದ್ರು ಕವಿಗಳು ಅಂದ್ಕೊಂಡೆ. ಕೊನೆಗೆ ಅರ್ಧರ್ಧ ಬಂದು ನಿಂತೋಯ್ತು."

"ನೀನೇನು ಮಾಡ್ತಿದ್ದೆ?"

ದರ್ಜಿಯ ಮುಖ ಈಗ ಬಿಳುಚಿತು. "ಜೊತೆಗೆ ಹಾಡ್ತಿದ್ದೆ ಸರ್. ಮಷೀನು ತುಳೀತಾ."

ಅಂದೇ ಪ್ರಕರಣವನ್ನು ಕೊಲೆಯೆಂದು ಬದಲಿಸಿ ಎಫ್‌ಐಆರ್ ಆಯಿತು. ಶನಿವಾರ ಬೆಳಿಗ್ಗೆ ಶೋಧನಾ ವಾರಂಟಿನೊಂದಿಗೆ ಇನ್ಸ್‌ಪೆಕ್ಟರ್, ರೇಡಿಯೊ, ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಮತ್ತು ಇಬ್ಬರು ಪಂಚರು ಅಡುಗೆಮನೆಗೆ ಬಂದರು. ಅಕ್ಕ ಅದೇ ಕುರ್ಚಿಯಲ್ಲಿ ಕೂತಿದ್ದರು. ಸಕ್ಕರೆ ಡಬ್ಬಿಯ ಹಿಂದೆ ಮಾತ್ರೆ ಡಬ್ಬಿ ಸಿಕ್ಕಿತು. ಮಾತ್ರೆಗಳ ಜೊತೆಗೇ ಎರಡು ಸೆಲ್. ಎಸೆಯಲು ಆಕೆಗೆ ಎರಡು ದಿನ ಸಮಯವಿತ್ತು. ಆದರೆ ಸಾಮಾನು ಪೋಲು ಮಾಡಿ ಗೊತ್ತಿರದ ಕೈ ಅದು.

"ಹಾಕು," ಎಂದರು ಇನ್ಸ್‌ಪೆಕ್ಟರ್.

ರೇಡಿಯೊ ಸೆಲ್ ಹಾಕಿ, ಮೇಲೆ ಹೋಗಿ ಗುಂಡಿ ಒತ್ತಿದ. ಅಡುಗೆಮನೆ ತುಂಬ ಆ ಟ್ಯೂನ್ ಗಟ್ಟಿಯಾಗಿ ಹರಿಯಿತು. ಅಕ್ಕ ಕಿವಿ ಮುಚ್ಚಿಕೊಳ್ಳಲಿಲ್ಲ, ಅಳಲೂ ಇಲ್ಲ. ಮುಗಿಯುವವರೆಗೆ ಕೇಳಿ, "ಸಾಕು, ಹೇಳ್ತೀನಿ," ಎಂದರು.

"ಆ ಹಾಡಿನ ಹುಡುಗಿ ನಾನೇ ಕಣಪ್ಪಾ. ಮದುವೆ ದಿನ ಗಂಡು ಬರ್ಲಿಲ್ಲ. ಬಟ್ಟೆ ಮುದುರೀತು ಅಂತ ಬೆಳಿಗ್ಗೆಯಿಂದ ಸಂಜೆ ತನಕ ಈ ಕುರ್ಚಿ ಬಿಟ್ಟು ಏಳ್ಲಿಲ್ಲ. ಎದ್ದಾಗ ಕಾಲು ಜೋಮು ಹಿಡಿದು ಎಲ್ಲರ ಮುಂದೆ ಬಿದ್ದೆ. ಎತ್ತಿದ್ದು ಇವನು. ಎತ್ತಿದವನೇ ಬರೆದ. ಬೀದೀಲಿ ಹೋದ್ರೆ ಜನ ಕೇಳೋರು, ಅಕ್ಕಾ ಕಾಲು ಜೋಮು ಬಿಡ್ತಾ ಅಂತ. ಆಮೇಲೆ ಬಂದ ಗಂಡುಗಳೂ ನಕ್ಕೊಂಡೇ ಹೋದ್ರು. ಅವನಿಗೆ ಬಿರುದು, ಹಾರ. ಸಾಲ್ದೂ ಅಂತ ನನ್ನ ಅಡುಗೆಮನೇಗೇ ಆ ಗಂಟೆ ತಂದು ಹಾಕ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ."

"ಇಷ್ಟು ವರ್ಷ ಸುಮ್ನಿದ್ರಿ. ಗುರುವಾರ ಏನಾಯ್ತು?"

"ಪಕ್ಕದಲ್ಲಿ ಬಂದು ಕೂತ. ಪ್ರೀತಿಯಿಂದಲೇ ಕೂತ. 'ಅಕ್ಕಾ, ಈಗ ನೀನು ಒಬ್ಬಳೇ ಇದ್ದಾಗ ಅವನನ್ನ ನೆನಸ್ಕೋತೀಯಾ? ಏನನ್ಸುತ್ತೆ ಹೇಳು, ಪಲ್ಲವಿಗೆ ಬೇಕು' ಅಂದ. ಮೊದಲ್ನೇ ಸಲ ಕೇಳದೇ ಕದ್ದ. ಈ ಸಲ ಕೇಳಿ ಕದಿಯೋಕೆ ಬಂದ."

"ಆಮೇಲೆ?"

"ಅವನನ್ನ ಕೋಣೆಗೆ ಬಿಟ್ಟು, ಬರೋವಾಗ ಮಾತ್ರೆ ಡಬ್ಬಿ ಎತ್ಕೊಂಡೆ. ಚಿಲಕ ಹಾಕ್ದೆ. ಈ ವಾರ ಆಗಲೇ ಎರಡು ಸಲ ಎದೆ ಹಿಡ್ಕೊಂಡಿದ್ದ. ಇವತ್ತಲ್ಲದಿದ್ರೆ ನಾಳೆ ಅಂದ್ಕೊಂಡೆ. ಅವತ್ತೇ ಆಯ್ತು. ಗಂಟೆ ಬಂತು. ನಾನು ಇಲ್ಲೇ ಕೂತಿದ್ದೆ. ಕಾಯೋದು ಅಂದ್ರೇನು ಅಂತ ಅವನಿಗೂ ಗೊತ್ತಾಗ್ಲಿ ಅಂತ ಕೂತೇ ಇದ್ದೆ."

ಒಂಬತ್ತು ಗಂಟೆಗೆ ಬಂಧನದ ಮೆಮೊಗೆ ಸಹಿಯಾಯಿತು. ಮಹಿಳಾ ಕಾನ್‌ಸ್ಟೆಬಲ್ ಕೈ ಹಿಡಿದಾಗ ಅಕ್ಕ ಏಳಲು ಹೋಗಿ ಮತ್ತೆ ಕುಸಿದರು. "ಒಂದು ನಿಮಿಷ ತಾಯಿ," ಎಂದರು ನಾಚಿಕೆಯಿಂದ. "ಕಾಲು..."

ರೇಡಿಯೊ ತಲೆ ತಗ್ಗಿಸಿ ಹೊರಗೆ ಹೋದ. ಆಕೆ ತಾವಾಗಿ ಎದ್ದು ನಿಲ್ಲುವವರೆಗೆ ಎಲ್ಲರೂ ಕಾದರು.

ಠಾಣೆಯ ದಾರಿಯಲ್ಲಿ ಅಂಗಡಿ ಅಂಗಡಿಯಲ್ಲೂ ಕವಿಗಳ ನೆನಪಿಗೆ ಅದೇ ಹಾಡು. ರೇಡಿಯೊ ಜೀಪಿನ ಕಿಟಕಿ ಏರಿಸಿದ. "ಇರ್ಲಿ ಬಿಡಪ್ಪಾ," ಎಂದರು ಅಕ್ಕ. "ಇನ್ನೊಂದು ಬರಲ್ವಲ್ಲ."

ಮಧ್ಯಾಹ್ನ ಸಂಗೀತ ನಿರ್ದೇಶಕರು ಹೇಳಿಕೆಗೆ ಸಹಿ ಹಾಕಲು ಬಂದರು. ಸಹಿ ಹಾಕಿದ ಮೇಲೂ ಏಳಲಿಲ್ಲ. "ಸರ್, ಗಂಟೆ ಆಗ್ತಾ ಇದ್ದಷ್ಟು ಹೊತ್ತೂ ಅವರು ಆ ಕುರ್ಚೀಲೇ ಕೂತಿದ್ರಂತೆ, ಹೌದಾ?" ಎಂದರು. ಅವರ ಬೆರಳು ಆಗಲೇ ಮೇಜಿನ ಅಂಚಿನಲ್ಲಿ ತಾಳ ಹಾಕುತ್ತಿತ್ತು.

"ಹೊರಗೆ ಹೋಗಿ," ಎಂದರು ಇನ್ಸ್‌ಪೆಕ್ಟರ್.

ಬಾಗಿಲು ಮುಚ್ಚಿಕೊಂಡ ಮೇಲೆ ಅವರು ಠಾಣೆಯ ಬರಹಗಾರನನ್ನು ಕರೆದರು. "ಅಕ್ಕನ ಹೇಳಿಕೇಲಿ ಮಾತ್ರೆ, ಚಿಲಕ, ಗಂಟೆ ಇರ್ಲಿ. ಕುರ್ಚಿ, ಕಾಲು, ಜೋಮು ಯಾವುದೂ ಬೇಡ. 'ಗಂಟೆ ಕೇಳಿಯೂ ಬಾಗಿಲು ತೆಗೆಯಲಿಲ್ಲ' ಅಂತ ಬರಿ. ಅಷ್ಟು ಸಾಕು."