ಈ ಮುಖದ ಪರಿಚಯ

"ಇಪ್ಪತ್ನಾಲ್ಕು ಗಂಟೆದು ಪೂರ್ತಿ ಹಿಡಿದ್ರಾ ಮೇಡಂ? ಒಂದ್ಸಲ ಬಿಟ್ಟುಹೋಗಿರೋ ಹಾಗಿದೆಯಲ್ಲ..."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಶಾಂತಲಾಗೆ. ತಿಲಕ್ ನಗರದ ಮನೆಯಿಂದ ಮೂತ್ರದ ಕ್ಯಾನನ್ನು ಬಟ್ಟೆ ಚೀಲದಲ್ಲಿ ಬಚ್ಚಿಟ್ಟು ಬಸ್ಸಿನಲ್ಲಿ ಆಸ್ಪತ್ರೆಗೆ ತಂದಿದ್ದಳು. ಈಗ ಈ ಮನುಷ್ಯ ಎಲ್ಲರೆದುರು ಹೀಗೆ ಕೇಳುವುದಾ!

"ಅಂಗಡಿಗೆ ಕೆಲಸಕ್ಕೆ ಹೋಗಿದ್ದೆ ಸಾರ್. ಕ್ಯಾನ್ ಅಲ್ಲಿಗೂ ಹೊತ್ಕೊಂಡು ಹೋಗ್ಲಾ?"

ಅವನು ನಗಲಿಲ್ಲ. "ತಪ್ಪು ನಂದೇ. ಭಾನುವಾರ ಹಿಡೀರಿ ಅಂತ ಮೊದಲೇ ಹೇಳ್ಬೇಕಿತ್ತು."

ಅವನೇ ಸಿದ್ದರಾಜು. ಹೊಸ ಔಷಧಿಯ ಸಂಶೋಧನೆಯಲ್ಲಿ ರೋಗಿಗಳ ವಿವರ ಬರೆದುಕೊಳ್ಳುವವನು.

ಶಾಂತಲಾಳ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಅವರೆಕಾಳಿನಷ್ಟು ಗೆಡ್ಡೆ. ಆಪರೇಷನ್ ಆದರೂ ಮತ್ತೆ ಬೆಳೆದಿತ್ತು. ಹಾರ್ಮೋನು ಹೆಚ್ಚಾಗಿ ಮುಖ ಊದಿತ್ತು, ಗಲ್ಲದಲ್ಲಿ ಕೂದಲು ಬಂದಿತ್ತು. ಮದುವೆ ನಿಶ್ಚಯವಾಗಿದ್ದ ಹುಡುಗ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಅವನ ಹೆಸರು ನಮಗೆ ಬೇಡ ಬಿಡಿ!

"ಈ ವಾರ ಎಷ್ಟು ಸಲ ಅತ್ರಿ?" ಪ್ರತಿ ಭೇಟಿಯಲ್ಲೂ ಸಿದ್ದರಾಜು ಕೇಳುತ್ತಿದ್ದ. ಅದು ಫಾರಂನಲ್ಲಿದ್ದ ಪ್ರಶ್ನೆ. ಆದರೆ ಅವಳನ್ನು ಹಾಗೆ ಕೇಳಿದವರು ಬೇರೆ ಯಾರೂ ಇರಲಿಲ್ಲ. ಅವಳು ಆ ಭೇಟಿಗಳಿಗೆ ಕಾಯತೊಡಗಿದಳು...

ಐದನೇ ಸಲ ಅವನ ಕುರ್ಚಿಯಲ್ಲಿ ಬೇರೊಬ್ಬಳು ಕೂತಿದ್ದಳು. "ನಿಮ್ಮ ಕೇಸ್ ನೋಡಲ್ಲ ಅಂತ ಸಿದ್ದರಾಜು ಅವ್ರೇ ಬರೆದುಕೊಟ್ರು ಮೇಡಂ."

'ಇವನಿಗೂ ಈ ಮುಖ ಸಾಕಾಯ್ತು!'

ಅವತ್ತಿನಿಂದ ಅವಳು ಸಂಶೋಧನೆಯ ಮಾತ್ರೆ ಮುಟ್ಟಲಿಲ್ಲ. ಮುಂದಿನ ಭೇಟಿಗೂ ಹೋಗಲಿಲ್ಲ. ಆ ಸುದ್ದಿ ಸಿದ್ದರಾಜುವಿನ ಕಿವಿಗೆ ಬಿತ್ತು.

"ಆಸ್ಪತ್ರೆಯೋರು ಬಂದವ್ರೆ ಕಣಮ್ಮಾ," ಅಮ್ಮ ಮುನಿವೆಂಕಟಮ್ಮ ಬಾಗಿಲಿಂದ ಕೂಗಿದಳು.

"ಯಾಕೆ ಬಂದ್ರಿ? ನೋಡಲ್ಲ ಅಂತ ಬರೆದುಕೊಟ್ಟಿದ್ರಲ್ಲ!"

"ಕೊಟ್ಟೆ." ಅವನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತಿದ್ದ. "ನಾಲ್ಕನೇ ಸಲ ಬಂದಾಗ ನಿಮ್ಮ ಬಿ.ಪಿ. ನೂರಾ ಅರವತ್ತಿತ್ತು. ನೀವು ಹುಷಾರಾಗಲಿ ಅನ್ನೋ ಆಸೆಗೆ ನೂರಾ ನಲವತ್ತು ಅಂತ ಬರೆಯೋಕೆ ಕೈ ಹೋಯ್ತು. ಹೆದರಿಬಿಟ್ಟೆ. ರೋಗಿ ಮೇಲೆ ಮನಸ್ಸಿಟ್ಟೋನು ಆ ಅಂಕಿ ಬರೀಬಾರ್ದು ಶಾಂತಲಾ ಅವ್ರೇ..."

'ಮನಸ್ಸು... ನನ್ನ ಮೇಲಾ?' ಅವಳಿಗೆ ಸಿಟ್ಟೇ ಬಂತು. ಫೋನಿನಲ್ಲಿದ್ದ, ಕಾಯಿಲೆಗೆ ಮುಂಚಿನ ತನ್ನ ಫೋಟೋ ತೆಗೆದು ಅವನೆದುರು ಹಿಡಿದಳು.

"ಇವಳು ವಾಪಸ್ ಬರ್ತಾಳೆ ಅಂದ್ಕೊಂಡಿದ್ರೆ, ಬರಲ್ಲ!"

ಅವನು ಗಮನವಿಟ್ಟು ನೋಡಿದ. "ಚೆನ್ನಾಗಿದಾರೆ. ಆದ್ರೆ ನನಗೆ ಇವ್ರ ಪರಿಚಯ ಇಲ್ಲ."

ಶಾಂತಲಾ ಅಲ್ಲೇ ಕುಸಿದು ಕೂತು ಅತ್ತಳು. ಬಹಳ ಹೊತ್ತು ಅತ್ತಳು.

"ಮಾತ್ರೆ ತಗೊಂಡ್ರೆ ವಾಸಿ ಆಗುತ್ತಾ?"

"ಗೊತ್ತಿಲ್ಲ. ನಿಮಗೆ ಕೊಟ್ಟಿರೋದು ನಿಜವಾದ ಔಷಧಿನಾ, ಹೋಲಿಸಿ ನೋಡೋಕೆ ಅಂತ ಕೊಡೋ ಔಷಧಿನೇ ಇಲ್ಲದ ಬರೀ ಗುಳಿಗೆನಾ ಅಂತಾನೂ ನನಗೆ ಗೊತ್ತಿಲ್ಲ. ನಾಳೆ ಹೋಗಿ, ಬಿಟ್ಟಿದ್ದೆ ಅಂತ ಡಾಕ್ಟರಿಗೆ ಹೇಳೋಣ."

"ನೀವು ಒಳಗೆ ಬರೋ ಹಾಗಿಲ್ವಲ್ಲ..."

"ಹೊರಗಡೆ ಬೆಂಚಲ್ಲಿ ಕೂತಿರ್ತೀನಿ. ಪೇಶೆಂಟ್ ಕಡೆಯವರು ಯಾರು ಅಂತ ಕರೀತಾರಲ್ಲ, ಆಗ ಎದ್ದು ನಿಲ್ಲಲಾ?"

ಅವಳು ಊದಿದ ಮುಖವನ್ನು ಮುಚ್ಚಿಕೊಳ್ಳದೆ ಅವನನ್ನೇ ನೋಡಿದಳು.

"ನಿಲ್ಲಿ," ಅಂದಳು.