ಮೂರು ದಿನದ ಹಿಟ್ಟು

ಅವನು ತಂದ ಹಿಟ್ಟಿನ ಪ್ಯಾಕೆಟ್ ಬಿಚ್ಚಿದ ಕೂಡಲೇ ಹುಳು ಕಂಡವು. ಬಿಳಿ ಹುಳು, ಜೇಡರ ಬಲೆಯಂಥ ಎಳೆಯೊಳಗೆ ಮಿಸುಕಾಡುತ್ತಿದ್ದವು. ಮುಖ ಕಿವುಚಿ ಹಿಂದೆ ಸರಿದೆ.

"ಇದನ್ನ ಸಾಣಿಸಿ ಕೊಡ್ತೀರೇನ್ರಿ? ಅಜ್ಜಿಗೆ ಕಾಣಬಾರದು," ಎಂದ. ಇಸ್ತ್ರಿ ಅಂಗಿ, ಕೈಯಲ್ಲಿ ಹುಳು.

"ಇದು ರೇವಪ್ಪನ ಗಿರಣಿರಿ, ಹುಳದ ದವಾಖಾನಿ ಅಲ್ಲ. ಎಲ್ಲಿ ತಗೊಂಡ್ರಿ ಅಲ್ಲೇ ಕೊಡ್ರಿ."

"ಆನ್‌ಲೈನ್ ತರಿಸಿದ್ದು. ವಾಪಸ್ ತಗೊಳ್ಳಂಗಿಲ್ಲಂತ."

"ಹಂಗಾರ ಆ ಫೋನಿಗೇ ರೊಟ್ಟಿ ಬಡಿ ಅಂತ ಹೇಳ್ರಿ."

ತೇರದಾಳದಲ್ಲಿ ಅಪ್ಪನ ಗಿರಣಿಗೆ ನಿಂತ ಮೇಲೆ ನನಗೆ ಅಸಹ್ಯವಾಗದ್ದು ಕಡಿಮೆ. ಮೂಗಿನಲ್ಲಿ ಹಿಟ್ಟು, ಕೂದಲಲ್ಲಿ ಹಿಟ್ಟು, ಉಗುಳಿದರೂ ಹಿಟ್ಟು. ಅದಕ್ಕಿಂತ ಅಸಹ್ಯ, 'ನಮ್ಮೂರ ಅಂಗಡಿ ಉಳಿಸಿ' ಎಂದು ಸ್ಟೇಟಸ್ ಹಾಕಿ ಪ್ಯಾಕೆಟ್ ಹಿಟ್ಟು ತರಿಸುವ ಜನ. ಇವನೂ ಅವರಲ್ಲೊಬ್ಬ ಅಂದುಕೊಂಡೆ. ಹೆಸರು ಸಿದ್ಧಾಂತ, ಜಮಖಂಡಿಯ ಕಾಲೇಜೊಂದರಲ್ಲಿ ಗೆಸ್ಟ್ ಲೆಕ್ಚರರ್.

ಮರುದಿನ ಎರಡು ಕಿಲೋ ಜೋಳ ಹಿಡಿದು ಬಂದ. ಅವನ ಅಜ್ಜಿ ಕಮಲಾಬಾಯಿ ಕಟ್ಟುನಿಟ್ಟಿನ ಜೈನರು. ಮಳೆಗಾಲದಲ್ಲಿ ಹಿಟ್ಟಿಗೆ ಮೂರೇ ದಿನ. ಆಮೇಲೆ ಅದರಲ್ಲಿ ಜೀವ ಹುಟ್ಟುತ್ತದೆ, ತಿಂದರೆ ಹಿಂಸೆ. ಗಿರಣಿಯಲ್ಲಿ ನಿಲ್ಲುವ ಬೇಸರಕ್ಕೆ ಮೊಮ್ಮಗ ಪ್ಯಾಕೆಟ್ ತರಿಸಿದ್ದು ಗೊತ್ತಾಗಿ ಅಂದು ಊಟವನ್ನೇ ಬಿಟ್ಟರಂತೆ.

ಹೀಗೆ ಮೂರು ದಿನಕ್ಕೊಮ್ಮೆ ಅವನು. ಹಳೆ ಹಿಟ್ಟು ಸೇರದಿರಲಿ ಎಂದು ಅವನ ಜೋಳಕ್ಕೆ ಮೊದಲು ಗಿರಣಿಯ ಕಲ್ಲು ಒರೆಸುತ್ತಿದ್ದೆ. ಬೇರೆ ಯಾರಿಗೂ ಒರೆಸುತ್ತಿರಲಿಲ್ಲ. ಬಿಸಿ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದ. ಕಣ್ಣು ಮಾತ್ರ ಹಿಟ್ಟಿನ ಮೇಲೆ ಇರುತ್ತಿರಲಿಲ್ಲ.

"ಏನ್ ನೋಡ್ತೀರಿ?"

"ನಿಮ್ಮ ಹುಬ್ಬು ಬೆಳ್ಳಗಾಗೇತಿ. ಮುದುಕಿ ಆದಾಗ ಹೆಂಗ ಕಾಣ್ತೀರಿ ಅಂತ ಗೊತ್ತಾತು."

"ಹೆಂಗ ಕಾಣ್ತೀನಿ?"

"ಈಗಿನಷ್ಟ ಸಿಟ್ಟಿನಾಕಿ." ಆಮೇಲೆ ಮೆಲ್ಲಗೆ, "ನಿಮ್ಮ ಹಿಟ್ಟಿಗೆ ರೊಟ್ಟಿ ಅಂಚು ಒಡೆಯಂಗಿಲ್ಲ. ಅಜ್ಜಿ ಒಂದು ರೊಟ್ಟಿ ಹೆಚ್ಚಿಗಿ ತಿನ್ನಾಕತ್ತಾಳ."

ನಗು ತಡೆಯಲು ಚೀಲದ ಬಾಯಿ ಕಟ್ಟಿದೆ.

ಭಾದ್ರಪದದಲ್ಲಿ ಒಮ್ಮೆ, ನಾಳೆ ಇಡೀ ದಿನ ಕರೆಂಟ್ ಇಲ್ಲ ಎಂದು ಸುದ್ದಿ ಬಂತು. ನಾಳೆ ಅವನ ಸರದಿ. ಮತ್ತೆ ಆ ಪ್ಯಾಕೆಟ್ಟಿಗೇ ಹೋಗಿಬಿಟ್ಟರೆ? ಸಂಜೆಯೇ ನಮ್ಮ ಮನೆಯ ಜೋಳ ಬೀಸಿಟ್ಟೆ. ಮರುದಿನ ಅವನು ಬಂದಾಗ "ಮುಂಜಾನೆ ಕರೆಂಟ್ ಹೋಗೂದರೊಳಗ ಬೀಸಿದ್ದು" ಎಂದು ಕೊಟ್ಟೆ.

ಅವರ ಲೆಕ್ಕದ ಮೂರನೆಯ ದಿನ, ನಿಜದಲ್ಲಿ ನಾಲ್ಕನೆಯದು. ಅಂದು ಬೆಳಿಗ್ಗೆ ನನ್ನ ಮೇಲೆ ನನಗೇ ವಾಕರಿಕೆ ಬಂತು. ಹುಳದ ಪ್ಯಾಕೆಟ್ ಮಾರಿದವನಿಗೂ ನನಗೂ ಏನು ವ್ಯತ್ಯಾಸ? ಅವರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ನಿಜ ಹೇಳಿದೆ. ಕಮಲಾಬಾಯಿ ನಾದುತ್ತಿದ್ದ ಹಿಟ್ಟು ಬಿಟ್ಟು ಕೈ ತೊಳೆದರು. ನಾನು ಮೊದಲ ದಿನ ಆ ಹುಳು ನೋಡಿದ ಹಾಗೆ ಸಿದ್ಧಾಂತ ನನ್ನನ್ನು ನೋಡಿದ.

ಒಂಬತ್ತು ದಿನ ಬರಲಿಲ್ಲ. ಹತ್ತನೆಯ ದಿನ ಬಂದ.

"ಅಜ್ಜಿ ಕಳಿಸ್ಯಾಳ. ತಪ್ಪು ಮಾಡಿ ಮನಿತನಕ ಬಂದು ಹೇಳೂ ಅಂಗಡಿ ಇನ್ನೊಂದು ಸಿಗಂಗಿಲ್ಲ, ಅಲ್ಲೇ ಹೋಗು ಅಂದ್ಲು."

"ನೀವೇನಂದ್ರಿ?"

"ಚೀಲಾ ಆಗಲೇ ಕೈಯಾಗಿತ್ತು. ಇನ್ನ ಮ್ಯಾಲ ಕರೆಂಟ್ ಇಲ್ಲಂದ್ರ ಇಲ್ಲ ಅನ್ರಿ. ಬರೂತನಕ ಕೂಡ್ತೀನಿ."

ಕಾರ್ತಿಕ ಹುಣ್ಣಿಮೆ ದಾಟಿತು. ಚಳಿಗಾಲದಲ್ಲಿ ಅವರ ಹಿಟ್ಟಿಗೆ ಏಳು ದಿನದ ಗಡುವು. ಹೆಚ್ಚಿನ ನಾಲ್ಕು ದಿನ ಹೇಗೆ ಕಳೆಯಲಿ ಎಂದು ಯೋಚಿಸಿದೆ. ಹಾಗೆ ಯೋಚಿಸಿದ್ದಕ್ಕೂ ಅಸಹ್ಯಪಟ್ಟುಕೊಂಡೆ.

ಹಿಟ್ಟು ಒಯ್ದ ಮೂರನೆಯ ಮುಂಜಾನೆಯೇ ಅವನು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಏಳು ದಿನಾ ಆಗಿಲ್ಲಲ್ರಿ?"

"ಅಜ್ಜೀದು ಏಳು. ನಂದು ಮೂರ ಐತಿ, ಕಸ್ತೂರಿ."

ಮೊದಲ ಸಲ ಹೆಸರು ಹಿಡಿದು ಕರೆದ. ಕಲ್ಲು ಒರೆಸುವ ಅರಿವೆ ನನ್ನ ಕೈಯಿಂದ ಬಿತ್ತು.

"ನಾವು ಜೈನರಲ್ಲ. ನಿಮ್ಮ ಅಜ್ಜಿಗೆ ಇದು ಗೊತ್ತಾದ್ರ?"

"ಈ ಚೀಲಾ ತುಂಬಿ ಕೊಟ್ಟಾಕಿ ಯಾರಂತ ತಿಳಿದೀ?"

ಕಿಸೆಯಿಂದ ಕರವಸ್ತ್ರ ತೆಗೆದು ನನ್ನ ಹುಬ್ಬಿನ ಹಿಟ್ಟು ಒರೆಸಿದ. ಬೆವರು, ಚಾಕ್‌ಪೀಸಿನ ಪುಡಿ ಹತ್ತಿದ ಹೊಲಸು ಕರವಸ್ತ್ರ. ಬೇರೆ ಯಾರದಾದರೂ ಆಗಿದ್ದರೆ ಕೈ ತಳ್ಳುತ್ತಿದ್ದೆ.

ಕಣ್ಣು ಮುಚ್ಚಿ, ಇನ್ನೊಂದು ಹುಬ್ಬನ್ನೂ ಮುಂದೆ ಮಾಡಿದೆ.